ಹಳೆಯ ಕಾರಿಗೆ ದೊಡ್ಡ ರಿಮ್, ತೆಳು ಟೈರ್: ಎಲ್ಲಿಯವರೆಗೆ ಹೋಗಬಹುದು?

ಪ್ರಶ್ನೆ: ನನ್ನ ಬಳಿ 1974ರ ಬಿಎಂಡಬ್ಲ್ಯು 2002 ಕಾರಿದೆ. ಎಂಜಿನ್, ಸಸ್ಪೆನ್ಷನ್, ಬ್ರೇಕ್ ಎಲ್ಲ ಕಂಪನಿಯಿಂದ ಬಂದ ಹಾಗೆಯೇ ಇವೆ. ಇರುವುದು 13 ಇಂಚಿನ ಕಬ್ಬಿಣದ ರಿಮ್, 165 ಅಗಲದ ಟೈರ್. ಪಕ್ಕದಿಂದ ನೋಡಿದರೆ ಚಕ್ರಗಳು ಮಡ್‌ಗಾರ್ಡಿನ ಒಳಗೆ ಹುದುಗಿಹೋದಂತೆ ಕಾಣುತ್ತವೆ. 17 ಇಂಚಿನ ಅಲಾಯ್ ಹಾಕಿ 205/40 ಟೈರ್ ಕೂರಿಸಬೇಕೆಂಬ ಆಸೆ. ಒಬ್ಬ ಗೆಳೆಯ ‘ಹಿಡಿತ ಹೆಚ್ಚುತ್ತದೆ, ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ, ಧೈರ್ಯವಾಗಿ ಹಾಕಿಸು’ ಎನ್ನುತ್ತಾನೆ. ಇನ್ನೊಬ್ಬ ‘ಕಾರೇ ಹಾಳಾಗುತ್ತದೆ, ಕೈ ಹಚ್ಚಬೇಡ’ ಎನ್ನುತ್ತಾನೆ. ನಾನೇ ಕೂತು ಲೆಕ್ಕ ಹಾಕಿದೆ. ಹಳೆಯ ಚಕ್ರಕ್ಕೂ ಹೊಸದಕ್ಕೂ ಒಟ್ಟು ವ್ಯಾಸದಲ್ಲಿ 2 ಮಿ.ಮೀ. ವ್ಯತ್ಯಾಸವೂ ಇಲ್ಲ. ಹಾಗಿದ್ದ ಮೇಲೆ ತೊಂದರೆ ಎಲ್ಲಿಂದ ಬರುತ್ತದೆ? ರಿಮ್ ಸರಿಯಾಗಿ ಕೂರದಿದ್ದರೆ ಸ್ಪೇಸರ್ (ರಿಮ್ಮಿನ ಹಿಂದೆ ಇಟ್ಟು ಚಕ್ರವನ್ನು ಹೊರಕ್ಕೆ ಸರಿಸುವ ಲೋಹದ ಬಿಲ್ಲೆ) ಹಾಕಬಹುದೇ? ಡಿಕ್ಕಿಯಲ್ಲಿರುವ ಹಳೆಯ ಸ್ಟೆಪ್ನಿಯನ್ನು ಹಾಗೇ ಇಟ್ಟುಕೊಂಡರೆ ನಡೆಯುತ್ತದೆಯೇ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಟೈರಿನ ಮೇಲೆ 165/80 ಆರ್ 13 ಎಂದಿದ್ದರೆ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ 80, ಅಂದರೆ 132 ಮಿ.ಮೀ. ಮೇಲೊಂದು ಕೆಳಗೊಂದು ಪಕ್ಕೆ ಸೇರಿ 264, ಅದಕ್ಕೆ 13 ಇಂಚಿನ ರಿಮ್ಮಿನ 330.2 ಕೂಡಿದರೆ 594.2 ಮಿ.ಮೀ. ನೀವು ಹಾಕಬೇಕೆಂದಿರುವ 205/40 ಆರ್ 17 ಟೈರಿನ ಪಕ್ಕೆ 82 ಮಿ.ಮೀ., ಒಟ್ಟು ವ್ಯಾಸ 595.8. ಸ್ಪೀಡೋಮೀಟರಿಗೆ ಇದು ಗೊತ್ತೇ ಆಗುವುದಿಲ್ಲ. ಗೇರಿನ ಲೆಕ್ಕವೂ ಬದಲಾಗುವುದಿಲ್ಲ. ದೊಡ್ಡ ರಿಮ್ ಹಾಕಿದರೆ ಕಾರು ಜೋರಾಗಿ ಓಡುತ್ತದೆ, ಮೀಟರು ತಪ್ಪು ತೋರಿಸುತ್ತದೆ ಎಂಬ ಮಾತು ಒಟ್ಟು ವ್ಯಾಸ ಬದಲಾದರೆ ಮಾತ್ರ ನಿಜ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಇದೇ ಲೆಕ್ಕದಲ್ಲಿದೆ. 132 ಇದ್ದದ್ದು 82 ಆಯಿತು. ಗಾಳಿ ಮತ್ತು ರಬ್ಬರ್ ಇದ್ದ ಜಾಗದಲ್ಲಿ ಪ್ರತಿ ಪಕ್ಕೆಗೆ 50 ಮಿ.ಮೀ. ಲೋಹ ಬಂದು ಕೂತಿತು. ನಿಮ್ಮ ಕಾರಿನ ಮಟ್ಟಿಗೆ ಆ 50 ಮಿ.ಮೀ. ಸಸ್ಪೆನ್ಷನ್ನಿನ ಒಂದು ಭಾಗವೇ ಆಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಕ್ರ ಒಂದು ಕಲ್ಲಿಗೋ ಗುಂಡಿಯ ಅಂಚಿಗೋ ಬಡಿದಾಗ ಮೊದಲು ಬಾಗುವುದು ಟೈರಿನ ಪಕ್ಕೆ. ಸ್ಪ್ರಿಂಗಿನ ಸರದಿ ಆಮೇಲೆ ಬರುತ್ತದೆ. ಸ್ಪ್ರಿಂಗು ಮತ್ತು ಡ್ಯಾಂಪರು (ಶಾಕ್ ಅಬ್ಸಾರ್ಬರ್) ದೊಡ್ಡ, ನಿಧಾನದ ಏರಿಳಿತಗಳಿಗೆ ಮಾಡಿದವು. ಚೂಪಾದ, ಕ್ಷಣದಲ್ಲಿ ಮುಗಿದುಹೋಗುವ ಪೆಟ್ಟಿಗೆ ಅವು ಅಷ್ಟು ಬೇಗ ಸ್ಪಂದಿಸಲಾರವು. ಆ ಕೆಲಸ ಟೈರಿನದು. ನಿಮ್ಮ ಕಾರಿನ ಮುಂದಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಡ್ಯಾಂಪರು ಸೇರಿದ ಕಂಬ), ಅದರ ತಲೆಯ ಮೇಲಿನ ರಬ್ಬರ್ ಮೌಂಟ್, ಹಿಂದಿನ ಸೆಮಿ ಟ್ರೇಲಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದಿರುವ ಓರೆ ತೋಳು), ಅದರ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು, ಚಕ್ರದ ಬೇರಿಂಗು, ವರ್ಮ್ ಮತ್ತು ರೋಲರ್ ಬಗೆಯ ಸ್ಟೀರಿಂಗ್ ಬಾಕ್ಸು ಎಲ್ಲವನ್ನೂ ಎಂಜಿನಿಯರುಗಳು ಅಳತೆ ಮಾಡಿದ್ದು ಎತ್ತರದ ಪಕ್ಕೆಯ ಟೈರು ಪೆಟ್ಟಿನ ಮೊನೆಯನ್ನು ಮುರಿದು ಕಳಿಸುತ್ತದೆ ಎಂಬ ಭರವಸೆಯ ಮೇಲೆ. ತೆಳು ಟೈರು ಹಾಕಿದಾಗ ಅದೇ ಪೆಟ್ಟು ಮೊನೆ ಮುರಿಯದೆ ನೇರ ಒಳಗೆ ಹೋಗುತ್ತದೆ. ಇವತ್ತಿನ ಕಾರುಗಳು 17, 18 ಇಂಚಿನ ಮೇಲೆ ಓಡಾಡುವುದಿಲ್ಲವೇ ಎಂದು ನೀವು ಕೇಳಬಹುದು. ಓಡಾಡುತ್ತವೆ. ಅವುಗಳ ಬುಷ್, ಡ್ಯಾಂಪರ್, ಬೇರಿಂಗ್, ಬಾಡಿಯ ಬಿಗುವು ಎಲ್ಲವನ್ನೂ ಆ ಟೈರನ್ನೇ ಲೆಕ್ಕಕ್ಕೆ ಹಿಡಿದು ಮಾಡಿರುತ್ತಾರೆ. ನಿಮ್ಮ ಕಾರಿನ ಬಾಡಿಗೆ ಐವತ್ತು ವರ್ಷ ವಯಸ್ಸು. ಸ್ಟ್ರಟ್ಟಿನ ತಲೆ ಕೂರುವ ಜಾಗದ ಬೆಸುಗೆಯಲ್ಲಿ, ಹಿಂದಿನ ಸಬ್‌ಫ್ರೇಮು ಹಿಡಿದುಕೊಳ್ಳುವ ಜಾಗದಲ್ಲಿ ತುಕ್ಕು ಎಷ್ಟಿದೆ ಎಂಬುದು ಬಣ್ಣದ ಮೇಲಿಂದ ಕಾಣುವುದಿಲ್ಲ.

ನನ್ನ ಕೈಗೆ ಬಂದ ಹಳೆಯ ಕಾರುಗಳಲ್ಲಿ ದೊಡ್ಡ ಚಕ್ರದಿಂದ ಮೊದಲು ಹೋಗಿದ್ದು ಹೆಚ್ಚಾಗಿ ಇಂಥ ಸಣ್ಣ ಭಾಗಗಳೇ. ಮಾಲೀಕರು ‘ಡ್ಯಾಶ್‌ಬೋರ್ಡು ಗಲಗಲ ಅನ್ನುತ್ತದೆ’ ಎಂದು ತರುತ್ತಾರೆ. ಕೆಳಗೆ ಹೋಗಿ ನೋಡಿದರೆ ಸ್ಟ್ರಟ್ ಮೌಂಟಿನ ರಬ್ಬರ್ ಹರಿದಿರುತ್ತದೆ, ಬಾಲ್ ಜಾಯಿಂಟ್ ಸಡಿಲವಾಗಿರುತ್ತದೆ, ರಿಮ್ಮಿನ ಒಳ ಅಂಚು ಒಂದು ಕಡೆ ಚಪ್ಪಟೆಯಾಗಿರುತ್ತದೆ. ಒಳ ಅಂಚು ಹೊರಗಿನಿಂದ ಕಾಣದ ಕಾರಣ ಎಷ್ಟೋ ಜನ ತಿಂಗಳುಗಟ್ಟಲೆ ವಾರಕ್ಕೊಮ್ಮೆ ಗಾಳಿ ತುಂಬಿಸುತ್ತ ಹಾಗೇ ಓಡಿಸಿರುತ್ತಾರೆ. 82 ಮಿ.ಮೀ. ಪಕ್ಕೆಗೆ ಗುಂಡಿಯ ಅಂಚು ಬಡಿದರೆ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ದಾರಗಳು ತುಂಡಾಗಿ ಪಕ್ಕೆಯ ಮೇಲೆ ಗುಳ್ಳೆ ಏಳುತ್ತದೆ. ಅಂಥ ಟೈರಿಗೆ ರಿಪೇರಿ ಇಲ್ಲ, ಎಸೆಯುವುದೊಂದೇ ದಾರಿ.

ಇನ್ನು ಭಾರ. ಮೂಗಿಗಿಂತ ಮೂಗುತಿ ಭಾರ ಎನ್ನುವ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ. ನಿಮ್ಮದು ಸುಮಾರು 1,000 ಕಿಲೋ ತೂಗುವ ಹಗುರ ಕಾರು. ಚಕ್ರ, ಅದನ್ನು ಬಿಗಿಯುವ ಹಬ್, ಬ್ರೇಕು ಇವು ಸ್ಪ್ರಿಂಗಿನ ಕೆಳಗಿನ ಭಾರ. ಕಾರು ಹಗುರವಾದಷ್ಟೂ ಈ ಭಾರದ ಹೆಚ್ಚಳ ಜಾಸ್ತಿ ಕಾಡುತ್ತದೆ. ಭಾರದ ಚಕ್ರ ಗುಂಡಿಯಿಂದ ಮೇಲಕ್ಕೆ ಚಿಮ್ಮಿದ ಮೇಲೆ ಅದನ್ನು ಮತ್ತೆ ನೆಲಕ್ಕೆ ತರಲು ಹಳೆಯ ಡ್ಯಾಂಪರ್ ಹೆಣಗಾಡುತ್ತದೆ. ಚಕ್ರ ಗಾಳಿಯಲ್ಲಿರುವಷ್ಟು ಹೊತ್ತು ಹಿಡಿತ ಎಂಬುದೇ ಇರುವುದಿಲ್ಲ. ತಿರುಗುವ ಭಾರದ ಲೆಕ್ಕ ಬೇರೆ. ಅಂಚಿನಲ್ಲಿ ಸೇರಿದ ಒಂದು ಕಿಲೋ, ವೇಗ ಏರಿಸುವಾಗಲೂ ಇಳಿಸುವಾಗಲೂ ಹೆಚ್ಚುಕಡಿಮೆ ಎರಡು ಕಿಲೋದಂತೆ ವರ್ತಿಸುತ್ತದೆ. 17 ಇಂಚಿನಲ್ಲಿ ಲೋಹವೆಲ್ಲ ಅಂಚಿನ ಕಡೆಗೇ ಸರಿದಿರುತ್ತದೆ. ಅಲಾಯ್ ಎಂದ ಮಾತ್ರಕ್ಕೆ ಹಗುರ ಎಂದುಕೊಳ್ಳಬೇಡಿ. ಅಗ್ಗದ, ಎರಕ ಹೊಯ್ದ 17 ಇಂಚಿನ ಅಲಾಯ್ ಎಷ್ಟೋ ಸಲ ನಿಮ್ಮ 13 ಇಂಚಿನ ಕಬ್ಬಿಣದ ರಿಮ್ಮಿಗಿಂತ ಭಾರ ಇರುತ್ತದೆ. ಕೊಳ್ಳುವ ಮೊದಲು ಟೈರಿನ ಸಮೇತ ತಕ್ಕಡಿಗೆ ಹಾಕಿಸಿ.

ಈಗ ನಿಮ್ಮ ಮೊದಲ ಗೆಳೆಯರ ಮಾತಿಗೆ ಬರೋಣ. ಹಿಡಿತ ಹೆಚ್ಚುತ್ತದೆ ಎನ್ನುವುದು ಅರ್ಧ ನಿಜ. ನುಣುಪಾದ, ಒಣಗಿದ ರಸ್ತೆಯಲ್ಲಿ, ಒಳ್ಳೆಯ ರಬ್ಬರಿನ ಅಗಲ ಟೈರು ತಿರುವಿನಲ್ಲಿ ಖಂಡಿತ ಹೆಚ್ಚು ಹಿಡಿಯುತ್ತದೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ. ಆ ಖುಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಗಲ ಟೈರು ನೆಲದ ಮೇಲೆ ಚಪ್ಪಟೆಯಾಗಿ ಕೂತಾಗ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ನಿಮ್ಮ ಕಾರಿನ ಹಿಂದಿನ ಸೆಮಿ ಟ್ರೇಲಿಂಗ್ ಆರ್ಮಿನ ಗುಣವೇ ಬೇರೆ. ಕಾರು ಹಿಂದಕ್ಕೆ ಕುಕ್ಕರಿಸಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಎದ್ದಾಗ ಮತ್ತೆ ಹೊರಕ್ಕೆ ಬರುತ್ತದೆ. ಎತ್ತರದ, ಕಿರಿದಾದ ಟೈರು ಪಕ್ಕೆಯನ್ನು ಬಾಗಿಸಿಕೊಂಡು ಈ ವಾಲಾಟವನ್ನು ನುಂಗಿಕೊಳ್ಳುತ್ತದೆ. ತೆಳು ಪಕ್ಕೆಯ ಅಗಲ ಟೈರಿಗೆ ಅದು ಬರುವುದಿಲ್ಲ. ಅದು ಒಳ ಅಂಚಿನ ಮೇಲೆ ನಿಂತುಬಿಡುತ್ತದೆ. ಒಳ ಅಂಚು ಬೇಗ ಸವೆಯುತ್ತದೆ. ಅದಕ್ಕಿಂತ ಮುಖ್ಯವಾದುದು ಹಿಡಿತ ತಪ್ಪುವ ಬಗೆ. 165ರ ಟೈರು ತಿರುವಿನಲ್ಲಿ ಬಿಡುವ ಮುಂಚೆ ಕೀರಲು ದನಿ ಮಾಡಿ, ಮೆಲ್ಲಗೆ ಜಾರಿ, ‘ಇನ್ನು ಸಾಕು’ ಎಂದು ಹೇಳಿಯೇ ಬಿಡುತ್ತದೆ. ತೆಳು ಟೈರು ಹೆಚ್ಚು ಹೊತ್ತು ಹಿಡಿದು ಒಮ್ಮೆಲೇ ಕೈಬಿಡುತ್ತದೆ. ಹಿಂಚಕ್ರಕ್ಕೆ ಶಕ್ತಿ ಹೋಗುವ, ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಹೊರಕ್ಕೆ ಸರಿಯುವ ನಿಮ್ಮ ಕಾರಿನಲ್ಲಿ ನನಗೆ ಇದೇ ಹೆಚ್ಚು ಆತಂಕದ ವಿಷಯ. ಮಳೆಯಲ್ಲಂತೂ ಕಿರಿದಾದ ಟೈರು ನೀರನ್ನು ಸೀಳಿಕೊಂಡು ಹೋಗುವ ವೇಗದಲ್ಲಿ ಅಗಲ ಟೈರು ನೀರಿನ ಮೇಲೆ ತೇಲಲು ಶುರುಮಾಡಬಹುದು.

ಬ್ರೇಕ್ ಚೆನ್ನಾಗುತ್ತದೆ ಎಂಬುದು ರಿಮ್ಮಿನಿಂದ ಆಗುವ ಮಾತಲ್ಲ. ಡಿಸ್ಕು, ಕ್ಯಾಲಿಪರು, ಹಿಂದಿನ ಡ್ರಮ್ಮು ಅವೇ ಇರುತ್ತವೆ, ತಡೆಯುವ ಬಲವೂ ಅಷ್ಟೇ ಇರುತ್ತದೆ. ತಡೆಯಬೇಕಾದ ಚಕ್ರ ಮಾತ್ರ ಭಾರವಾಗಿರುತ್ತದೆ. ಈ ನಂಬಿಕೆ ಹುಟ್ಟಲು ಒಂದು ಕಾರಣವಿದೆ. ಕಂಪನಿಗಳು ರಿಮ್ ದೊಡ್ಡದು ಮಾಡಿದ್ದು ಬಹಳ ಸಲ ದೊಡ್ಡ ಬ್ರೇಕಿಗೆ ಜಾಗ ಬೇಕಾದಾಗ. 1959ರಲ್ಲಿ 10 ಇಂಚಿನ ಚಕ್ರದಲ್ಲಿ ಬಂದ ಮಿನಿ 1984ರಲ್ಲಿ 12 ಇಂಚಿಗೆ ಹೋದಾಗ ಅದರ ಜೊತೆಗೇ ಮುಂದಿನ ದೊಡ್ಡ ಡಿಸ್ಕ್ ಬ್ರೇಕು ಬಂತು. ಅಲ್ಲಿ ಬ್ರೇಕು ಸುಧಾರಿಸಿದ್ದು ಆ ಡಿಸ್ಕಿನಿಂದ.

ಎರಡನೆಯ ಗೆಳೆಯರ ‘ಕೈ ಹಚ್ಚಬೇಡ’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಒಂದು ಇಂಚು, ಯೋಚಿಸಿ ಮಾಡಿದರೆ ಎರಡು ಇಂಚು ಏರಿಸುವುದರಲ್ಲಿ ತಪ್ಪಿಲ್ಲ. 13 ಇಂಚಿನಲ್ಲಿ ಒಳ್ಳೆಯ ಟೈರುಗಳ ಆಯ್ಕೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುವುದು ನಿಜವಾದ ತೊಂದರೆ, ಬರೀ ಶೋಕಿಯ ಮಾತಲ್ಲ. ಆದರೆ ಏರಿಸುವ ಮುಂಚೆ ಇಂಚಿಗಿಂತ ಮುಖ್ಯವಾದ ಇನ್ನೊಂದು ಅಳತೆ ನಿಮಗೆ ಗೊತ್ತಿರಬೇಕು. ಅದು ಆಫ್‌ಸೆಟ್. ರಿಮ್ಮಿನ ಮೇಲೆ ‘ಇಟಿ’ ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬುದು ಆ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ.

205/40 ಟೈರಿಗೆ ಕನಿಷ್ಠ 7 ಇಂಚು ಅಗಲದ ರಿಮ್ ಬೇಕು. ನಿಮ್ಮದು ಈಗ 5 ಇಂಚು ಎಂದಿಟ್ಟುಕೊಳ್ಳೋಣ. ಆಫ್‌ಸೆಟ್ ಹಾಗೆಯೇ ಇಟ್ಟುಕೊಂಡರೆ ಹೆಚ್ಚಾದ 2 ಇಂಚು ಎರಡೂ ಕಡೆಗೆ ಹಂಚಿಹೋಗಿ 25 ಮಿ.ಮೀ. ಒಳಗೆ, 25 ಮಿ.ಮೀ. ಹೊರಗೆ ಚಾಚುತ್ತದೆ. ಒಳಗೆ ಚಾಚಿದ್ದು ಸ್ಟ್ರಟ್ಟಿಗೋ ಸ್ಪ್ರಿಂಗಿನ ತಟ್ಟೆಗೋ ಹತ್ತಿರವಾಗುತ್ತದೆ. ಅದನ್ನು ತಪ್ಪಿಸಲು ಆಫ್‌ಸೆಟ್ 10 ಮಿ.ಮೀ. ಇಳಿಸಿದರೆ ಒಳಗೆ 15, ಹೊರಗೆ 35. ಈಗ ಟೈರಿನ ಹೊರ ಅಂಚು ಮಡ್‌ಗಾರ್ಡಿನ ತುಟಿಗೆ ಉಜ್ಜುತ್ತದೆ. ಎರಡಕ್ಕೂ ನಡುವೆ ಜಾಗ ಹುಡುಕುವುದೇ ಈ ಕೆಲಸದ ಕಷ್ಟದ ಭಾಗ. 4 ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಎಂಬ ನಿಮ್ಮ ಕಾರಿನ ಅಳತೆ ಎಷ್ಟೋ ಹೊಸ ಸಣ್ಣ ಕಾರುಗಳಲ್ಲೂ ಇರುವುದರಿಂದ ಅವುಗಳ ರಿಮ್ ಸುಲಭವಾಗಿ ಸಿಗುತ್ತದೆ. ಆದರೆ ಮುಂಚಕ್ರಕ್ಕೆ ಶಕ್ತಿ ಹೋಗುವ ಆ ಕಾರುಗಳ ಆಫ್‌ಸೆಟ್ ಸಾಮಾನ್ಯವಾಗಿ 35ರಿಂದ 45ರ ಆಸುಪಾಸು ಇರುತ್ತದೆ. ನಿಮ್ಮ ಕಾರಿನಲ್ಲಿ ಅವು ತೀರಾ ಒಳಗೆ ಹೋಗಿ ಕೂರುತ್ತವೆ. ಸ್ಪೇಸರಿನ ಯೋಚನೆ ಹುಟ್ಟುವುದು ಇಲ್ಲಿಂದ.

ಚಕ್ರ ಹೊರಗೆ ಸರಿದಾಗ ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆ ಆಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ಒಂದು ಓರೆ ಗೆರೆಯ ಸುತ್ತ ತಿರುಗುತ್ತದೆ. ಆ ಗೆರೆಯನ್ನು ನೆಲದವರೆಗೆ ಎಳೆದರೆ ಸಿಗುವ ಬಿಂದುವಿಗೂ, ಟೈರು ನೆಲ ಮುಟ್ಟುವ ಜಾಗದ ನಡುವಿಗೂ ಇರುವ ದೂರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತೇವೆ. ಆಫ್‌ಸೆಟ್ 10 ಮಿ.ಮೀ. ಇಳಿಸಿದರೆ ನೆಲ ಮುಟ್ಟುವ ಜಾಗ ಪೂರ್ತಿ 10 ಮಿ.ಮೀ. ಹೊರಗೆ ಸರಿಯುತ್ತದೆ. ಅಷ್ಟೂ ಉದ್ದದ ಸನ್ನೆಕೋಲು ರಸ್ತೆಯ ಕೈಗೆ ಸಿಕ್ಕಂತೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ. ರಸ್ತೆಯಲ್ಲಿ ಚಕ್ರದ ಜಾಡು ಬಿದ್ದಿದ್ದರೆ ಕಾರು ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಬ್ರೇಕ್ ಒತ್ತಿದಾಗ ಒಂದು ಬದಿ ಒದ್ದೆ, ಒಂದು ಬದಿ ಒಣಗಿದ್ದರೆ ಮೂತಿ ಒಂದು ಕಡೆಗೆ ವಾಲುತ್ತದೆ. ಚಕ್ರದ ಬೇರಿಂಗಿನ ಮೇಲೆ ಬೀಳುವ ತಿರುಚು ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾರು ನಿಮ್ಮದು. ನಿಲ್ಲಿಸುವಾಗ ತೋಳಿಗೇ ಗೊತ್ತಾಗುತ್ತದೆ.

ಹಾಗಾಗಿ ಸ್ಪೇಸರ್ ಬಗ್ಗೆ ನನ್ನ ಮಾತು ಇಷ್ಟು. ತಪ್ಪು ಆಫ್‌ಸೆಟ್ಟಿನ ರಿಮ್ ಕೊಂಡು ಸ್ಪೇಸರಿನಿಂದ ಸರಿಪಡಿಸುವುದಕ್ಕಿಂತ ಸರಿಯಾದ ರಿಮ್ಮಿಗೆ ಕಾಯುವುದು ಲೇಸು. ಹಾಕಲೇಬೇಕಾದರೆ ಹಬ್ಬಿನ ಮೇಲೆ ಬಿಗಿಯಾಗಿ ಕೂತು ರಿಮ್ಮಿಗೂ ಹಾಗೆಯೇ ನಡುಗುಳಿಯ ಆಸರೆ ಕೊಡುವಂಥದ್ದೇ ಆಗಬೇಕು. ಒಂದರ ಮೇಲೊಂದು ಬಿಲ್ಲೆ ಜೋಡಿಸುವುದು ಬೇಡವೇ ಬೇಡ. ಬೋಲ್ಟಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕಚ್ಚಿಕೊಂಡಿರುವ ಉದ್ದ ಕನಿಷ್ಠ ಬೋಲ್ಟಿನ ದಪ್ಪದಷ್ಟಾದರೂ ಇರಬೇಕು. 12 ಮಿ.ಮೀ. ದಪ್ಪದ, 1.5 ಪಿಚ್ಚಿನ (ಒಂದು ಸುತ್ತಿಗೆ 1.5 ಮಿ.ಮೀ. ಸರಿಯುವ) ಮರೆಯಾದರೆ ಅದು ಎಂಟು ಸುತ್ತು. ಸುತ್ತು ಎಣಿಸಿಯೇ ನೋಡಿ. ರಿಮ್ಮಿನ ನಡುಗುಳಿ ಹಬ್ಬಿಗಿಂತ ದೊಡ್ಡದಿದ್ದರೆ ನಡುವಿನ ಸಂದು ತುಂಬುವ ಸೆಂಟರಿಂಗ್ ರಿಂಗ್ ಬೇಕು. ನಟ್ಟಿನ ಕೂರುವ ಮುಖ ಶಂಕುವೋ, ಗೋಳವೋ, ಚಪ್ಪಟೆಯೋ ಎಂಬುದು ರಿಮ್ಮಿನ ಗುಳಿಗೆ ಹೊಂದಬೇಕು. ಗಂಟೆಗೆ 80, 90 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆಂದು ಒಂದು ಕಾರು ನನ್ನಲ್ಲಿಗೆ ಬಂದಿತ್ತು. ಮೂರು ಸಲ ಬ್ಯಾಲೆನ್ಸಿಂಗ್ ಆಗಿ, ಟೈರೂ ಬದಲಾಗಿ, ಕೊನೆಗೆ ಸಿಕ್ಕ ಕಾರಣ ಹಾಕದೇ ಬಿಟ್ಟಿದ್ದ ಆ ರಿಂಗು.

ಈಗ ನಿಮ್ಮ ಮುಂದಿರುವ ದಾರಿಗಳು. 13 ಇಂಚಿನಲ್ಲೇ ಉಳಿದು 185/70 ಆರ್ 13 ಹಾಕುವುದು ಮೊದಲನೆಯದು. ವ್ಯಾಸ 589 ಮಿ.ಮೀ., ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ, ನಿಮ್ಮ 5 ಇಂಚು ಅಗಲದ ರಿಮ್ಮಿಗೇ ಕೂರುತ್ತದೆ. 1973ರಲ್ಲಿ ಬಂದ 170 ಅಶ್ವಶಕ್ತಿಯ 2002 ಟರ್ಬೋ ಕಾರಿಗೆ ಕಂಪನಿಯೇ ಕೊಟ್ಟದ್ದು ಇದೇ ಅಳತೆ. ಆ ಸರಣಿಯ ಅತ್ಯಂತ ಬಲಶಾಲಿ ಕಾರು 13 ಇಂಚಿನ ಮೇಲೆ ಓಡಿತ್ತು ಎಂಬುದನ್ನು ಮರೆಯಬೇಡಿ. ಪಿರೆಲ್ಲಿ, ಮಿಶೆಲಿನ್ ಕಂಪನಿಗಳು ಹಳೆಯ ಕಾರುಗಳಿಗೆಂದೇ ಹಳೆಯ ವಿನ್ಯಾಸದ ಟೈರುಗಳನ್ನು ಈಗಲೂ ಹೊಸದಾಗಿ ಮಾಡುತ್ತವೆ. ಬೆಲೆ ಹೆಚ್ಚು, ಆದರೆ ಕಾರಿನ ಸ್ವಭಾವ ಉಳಿಯುತ್ತದೆ.

ನನ್ನನ್ನು ಕೇಳಿದರೆ 14 ಇಂಚು, 185/65 ಟೈರು. ವ್ಯಾಸ 596, ಪಕ್ಕೆ 120 ಮಿ.ಮೀ. ಕಳೆದುಕೊಳ್ಳುವುದು 12 ಮಿ.ಮೀ. ಮಾತ್ರ. ರಿಮ್ 5.5 ಅಥವಾ 6 ಇಂಚು ಅಗಲ ಸಾಕು. ಮಡ್‌ಗಾರ್ಡಿನ ಒಳಗೆ ಚಕ್ರ ತುಂಬಿಕೊಂಡಂತೆ ಕಾಣುತ್ತದೆ, ಬುಷ್ಷುಗಳಿಗೂ ನೋವಿಲ್ಲ. 15 ಇಂಚಿಗೆ ಹೋಗಲೇಬೇಕೆಂದರೆ 195/55 ಟೈರಿನ ವ್ಯಾಸ 595, ಪಕ್ಕೆ 107. ಜನ ಹೆಚ್ಚಾಗಿ ಹಾಕುವ 195/50 ಆದರೆ ವ್ಯಾಸ 576ಕ್ಕೆ ಇಳಿಯುತ್ತದೆ, ಎಂಜಿನ್ ಸುಮಾರು ಶೇ 3ರಷ್ಟು ಹೆಚ್ಚು ಸುತ್ತುತ್ತದೆ, ಕಾರಿನ ಹೊಟ್ಟೆ 9 ಮಿ.ಮೀ. ಕೆಳಗೆ ಬರುತ್ತದೆ. 15 ಇಂಚಿನ ಜೊತೆಗೆ ಹೊಸ ಡ್ಯಾಂಪರ್, ಹೊಸ ಬುಷ್ ಸೇರಿಸಿಯೇ ಲೆಕ್ಕ ಹಾಕಿ. ಹಿಂದಿನ ಮಡ್‌ಗಾರ್ಡಿನ ತುಟಿಯನ್ನು ಒಳಕ್ಕೆ ಮಡಚಬೇಕಾಗಬಹುದು. ಮಡಚಿದಲ್ಲಿ ಬಣ್ಣ ಬಿರಿದು ತುಕ್ಕು ಹಿಡಿಯುತ್ತದೆ ಎಂಬುದೂ ನೆನಪಿರಲಿ. 17 ಇಂಚು, ಕಂಪನಿಯ ಸಸ್ಪೆನ್ಷನ್ನಿನ ಮೇಲೆ, ದಿನನಿತ್ಯದ ಓಡಾಟಕ್ಕೆ ಬೇಡ. ಪ್ರದರ್ಶನಕ್ಕೆ ನಿಲ್ಲಿಸುವ ದಿನ ಮಾತ್ರ ತೊಡಿಸುತ್ತೇನೆ ಎಂದರೆ ನನ್ನ ತಕರಾರಿಲ್ಲ.

ಯಾವುದನ್ನು ಆರಿಸಿದರೂ ಟೈರಿನ ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರು ಹೊರಬಲ್ಲ ಭಾರವನ್ನು ಹೇಳುವ ಸಂಖ್ಯೆ, ನೋಡಿ. 82 ಎಂದರೆ 475 ಕಿಲೋ, 83 ಎಂದರೆ 487, 84 ಎಂದರೆ 500. 205/40 ಆರ್ 17ರ ಮೇಲೆ 84 ಎಂದು ಬರೆದಿದ್ದು, ಅದು ಹೆಚ್ಚು ಭಾರ ಹೊರಲು ಮಾಡಿದ ‘ಎಕ್ಸ್‌ಎಲ್’ ಟೈರಾಗಿದ್ದರೆ, ಆ 500 ಕಿಲೋ ಹೊರುವುದು 2.9 ಬಾರ್, ಅಂದರೆ 42 ಪಿಎಸ್‌ಐ ಒತ್ತಡದಲ್ಲಿ. ಕಾರಿನ ಹಳೆಯ ಕೈಪಿಡಿಯಲ್ಲಿರುವ ಒತ್ತಡವನ್ನು ಅದಕ್ಕೆ ತುಂಬಿದರೆ ಅಷ್ಟು ಹೊರುವುದಿಲ್ಲ, ರಿಮ್ಮಿಗೂ ರಕ್ಷಣೆ ಇರುವುದಿಲ್ಲ. ಒತ್ತಡ ಏರಿಸಿದರೆ ಸವಾರಿ ಇನ್ನೂ ಗಡುಸು. ಹಳೆಯ ದಾಸ್ತಾನಿನ ಟೈರು ಕೊಳ್ಳುವುದಾದರೆ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೆಯ ವಾರ ತಯಾರಾದದ್ದು.

ರಿಮ್ಮಿಗೆ ಹಣ ಕೊಡುವ ಮುಂಚೆ ಒಂದು ಚಕ್ರವನ್ನಾದರೂ ಕಾರಿಗೆ ಹಾಕಿ ನೋಡಲು ಕೇಳಿ. ಸರಿಯಾದ ಪರೀಕ್ಷೆ ಹೀಗೆ: ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಮೆಕ್ಯಾನಿಕ್ ಕೈಯಲ್ಲಿ ಸ್ಪ್ರಿಂಗ್ ತೆಗೆಸಿ, ಜಾಕಿನಿಂದ ಚಕ್ರವನ್ನು ಪೂರ್ತಿ ಮೇಲಿನವರೆಗೆ ಏರಿಸಬೇಕು. ಆ ಎತ್ತರದಲ್ಲಿ ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಬೇಕು. ಅನುಮಾನ ಬರುವಲ್ಲಿ ಮೆತ್ತನೆಯ ಜೇಡಿಯ ಉಂಡೆ ಅಂಟಿಸಿದರೆ ಎಷ್ಟು ಜಾಗ ಉಳಿದಿದೆ ಎಂದು ಅದೇ ಹೇಳುತ್ತದೆ. ಬ್ರೇಕಿನ ರಬ್ಬರ್ ಕೊಳವೆ ಎಲ್ಲಿ ಬಾಗುತ್ತದೆ ಎಂದು ಬೆರಳಿಟ್ಟು ನೋಡಿ. ನಿಂತ ಕಾರಿನಲ್ಲಿ ಎಲ್ಲಿಯೂ ತಾಗದ ಟೈರು, ನಾಲ್ಕು ಜನ ಕೂತು ಗುಂಡಿ ಹಾರಿದಾಗ ಆ ಕೊಳವೆಯನ್ನು ಉಜ್ಜಬಹುದು. ಹಾಕಿದ ಮೇಲೆ ಚಕ್ರದ ಜೋಡಣೆ ಸರಿಮಾಡಿಸಿ, 50ರಿಂದ 100 ಕಿ.ಮೀ. ಓಡಿದ ನಂತರ ಟಾರ್ಕ್ ರೆಂಚಿನಿಂದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ. ವಿಮೆಯವರಿಗೆ ಬದಲಾವಣೆಯನ್ನು ಬರೆದು ತಿಳಿಸಿ. ಹೊಸ ಅಳತೆಗೆ ಅನುಮತಿ ಬೇಕೇ ಎಂಬುದು ದೇಶದಿಂದ ದೇಶಕ್ಕೆ ಬೇರೆ, ಕೊಳ್ಳುವ ಮೊದಲೇ ವಿಚಾರಿಸಿ. ಹಳೆಯ ನಾಲ್ಕು ಕಬ್ಬಿಣದ ರಿಮ್ಮುಗಳನ್ನು ಮಾರಬೇಡಿ.

ಕೊನೆಯದಾಗಿ ಸ್ಟೆಪ್ನಿ. ನಾನು ಹೇಳಿದ 14 ಇಂಚಿನ 185/65 ಹಾಕಿದರೆ ವ್ಯಾಸ ಹೆಚ್ಚುಕಡಿಮೆ ಒಂದೇ ಆದ್ದರಿಂದ ಹಳೆಯ 13 ಇಂಚಿನ ಸ್ಟೆಪ್ನಿಯಲ್ಲಿ ಮನೆ ಮುಟ್ಟಬಹುದು. ಎರಡು ಟೈರಿನ ಅಗಲ, ಹಿಡಿತ ಬೇರೆ ಇರುವುದರಿಂದ ನಿಧಾನವಾಗಿ ಹೋಗಿ. 195/50 ಆರ್ 15 ಹಾಕಿದ್ದರೆ ಮಾತ್ರ 18 ಮಿ.ಮೀ. ವ್ಯತ್ಯಾಸ ಬರುತ್ತದೆ. ಸ್ಟೆಪ್ನಿಯನ್ನು ಹಿಂಬದಿಗೆ ಹಾಕಿ ದೂರ ಓಡಿಸಿದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ಲಿನ (ಎರಡು ಹಿಂಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ) ಒಳಗಿನ ಹಲ್ಲುಗಳು ಬಿಡುವಿಲ್ಲದೆ ತಿರುಗುತ್ತಲೇ ಇರಬೇಕಾಗುತ್ತದೆ. ಆಗ ಪಂಕ್ಚರಾದದ್ದು ಹಿಂದಿನ ಚಕ್ರವಾದರೂ ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿ, ಮುಂದಿನದನ್ನು ಹಿಂದಕ್ಕೆ ತನ್ನಿ. ಕಬ್ಬಿಣದ ರಿಮ್ಮಿನ ಹಳೆಯ ನಟ್ಟುಗಳು ಹೊಸ ಅಲಾಯ್‌ನವಕ್ಕಿಂತ ಬೇರೆಯಾಗಿದ್ದರೆ ಒಂದು ಜೊತೆಯನ್ನು ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿಯ ಗುಳಿಯೊಳಗೆ ಇಡಿ. ಅದಿಲ್ಲದೆ ಸ್ಟೆಪ್ನಿ ಇದ್ದೂ ರಸ್ತೆ ಬದಿಯಲ್ಲಿ ನಿಂತವರನ್ನು ನಾನು ನೋಡಿದ್ದೇನೆ.